ಪ್ರಾರ್ಥನೆಯ ನಂತರದ ಮಾತು

ಹೆಸರು ಸಂತೋಷಮ್ಮ, ಸಂತೋಷ ಕಂಡು ಮಾತ್ರ ವರ್ಷಗಳಾಗಿದ್ದವು. ಆದೋನಿಯಲ್ಲಿ ಹದಿನೆಂಟು ವರ್ಷ ನರ್ಸಾಗಿ ನಿಂತ ಕಾಲುಗಳು ಸಂಜೆಯಾದರೆ ಬಾತುಕೊಳ್ಳುತ್ತಿದ್ದವು. ಖಾಸಗಿಯಾಗಿ ಬಿ.ಎ. ಕಟ್ಟಿ ಪಾಸಾಗಿದ್ದಳೆಂದು, ೧೯೮೩ರಲ್ಲಿ, ಚರ್ಚಿನ ಸಭೆಯ ಹಿರಿಯರು ಅವಳನ್ನು ಬೆಂಗಳೂರಿನ ದೇವಶಾಸ್ತ್ರದ ಕಾಲೇಜಿಗೆ ಕಳಿಸಿದರು. ನೊಂದವರ ಜೊತೆ ಮಾತಾಡುವ ವಿದ್ಯೆಯಂತೆ. ಒಂದು ಕೈಯಲ್ಲಿ ಬೈಬಲು, ಇನ್ನೊಂದರಲ್ಲಿ ಮನಶ್ಶಾಸ್ತ್ರ. ನಲವತ್ತೆರಡಕ್ಕೆ ಎಂ.ಎ.! ನೆರೆಯವರು ನಕ್ಕರೆ ತಪ್ಪೇನು?

ರಜೆಯಲ್ಲಿ ನೊಂದವರನ್ನು ಕಂಡು, ಇಬ್ಬರೂ ಆಡಿದ ಮಾತನ್ನು ಒಂದಕ್ಷರ ಬಿಡದೆ ಬರೆದು ಒಪ್ಪಿಸಬೇಕಿತ್ತು. ಎರಡು ವರದಿ ವಾಪಸ್ಸು ಬಂದವು. ಮೇಷ್ಟರ ಷರಾ ಎರಡರಲ್ಲೂ ಒಂದೇ: “ಬೇಗ ಪ್ರಾರ್ಥನೆ ಮಾಡಿಬಿಟ್ಟಿರಿ. ಆಮೇಲೆ ಆಕೆ ಏನೆಂದಳು?” ಏನೆನ್ನುತ್ತಾಳೆ, ತಲೆ! ನಮ್ಮ ಕಡೆ ಪ್ರಾರ್ಥನೆಯಾಯಿತೆಂದರೆ ಮಾತು ಮುಗಿಯಿತು, ಎದ್ದು ಚಪ್ಪಲಿ ಮೆಟ್ಟುವುದೇ. ಸುಸ್ತಾದಾಗ ಅವಳಿಗೆ ಅದೇ ಅನುಕೂಲವೂ ಆಗಿತ್ತು, ಸುಳ್ಳೇಕೆ? ಮೂರನೆಯದೂ ವಾಪಸ್ಸಾದರೆ ಓದು ಅಲ್ಲಿಗೇ ನಿಲ್ಲುತ್ತಿತ್ತು.

ಹೊಳಗುಂದದ ಹುಲುಗಮ್ಮನ ಹದಿನೇಳು ವರ್ಷದ ಮಗಳು ಬಾವಿಪಾಲಾಗಿ ಎಂಟು ತಿಂಗಳಾಗಿತ್ತು. ಸಂತೋಷಮ್ಮ ಬಸ್ಸಿನಲ್ಲಿ ಧೂಳು ಕುಡಿಯುತ್ತ ಹೋಗಿ ಕೂತದ್ದೇ ತಡ, ಹುಲುಗಮ್ಮ ತಲೆಗೆ ಸೆರಗು ಹೊದ್ದು ಕಣ್ಣು ಮುಚ್ಚಿದಳು. ಬಂದವರೆಲ್ಲ ಪ್ರಾರ್ಥನೆ ಮಾಡಿಯೇ ಹೋಗುತ್ತಿದ್ದರು.

“ಇವತ್ತು ಪ್ರಾರ್ಥನಿ ಬ್ಯಾಡವ್ವ. ಸುಮ್ನ ಕುಂದ್ರಾಕ ಬಂದೀನಿ.”

“ಅಯ್ಯ, ಅದಕ್ಕ ಇಷ್ಟು ದೂರ ಬಂದ್ರ್ಯಾ ಸಿಸ್ಟರಮ್ಮ?”

ಸಂತೋಷಮ್ಮ ಬಾತ ಕಾಲು ಚಾಚಿಕೊಂಡು ಕೂತಳು. ಆದೋನಿಗೆ ಮರಳುವ ನಾಲ್ಕರ ಬಸ್ಸು ಹಾರ್ನ್ ಹೊಡೆದು ಹೋಯಿತು. ಅಯ್ಯೋ ದೇವರೇ ಅನ್ನಿಸಿತು, ಏಳಲಿಲ್ಲ.

“ಅವತ್ತು ನನ್ನ ಹತ್ರ ಬಂದಿತ್ತು ಕೂಸು,” ಹುಲುಗಮ್ಮ ತಾನಾಗಿ ಶುರುಮಾಡಿದಳು. “‘ಅವ್ವಾ, ನಿನಗೊಂದು ಮಾತು ಹೇಳಬೇಕು’ ಅಂತು. ಅದರ ಮಾರಿ ನೋಡಿ ನನಗ ಅಂಜಿಕಿ ಆತು. ‘ಮೊದ್ಲು ಪ್ರಾರ್ಥನಿ ಮಾಡೋಣು, ಕಣ್ಣು ಮುಚ್ಚು’ ಅಂದೆ. ಆಮೆನ್ ಅಂದು ಎದ್ದು ಹೋತು.”

ಸಂತೋಷಮ್ಮನ ನಾಲಿಗೆಯ ಮೇಲೆ ಪ್ರಾರ್ಥನೆಯ ‘ಕರ್ತನೇ’ ಬಂದೇಬಿಟ್ಟಿತ್ತು. ನುಂಗಿಕೊಂಡಳು. ತಾನು ಆಮೆನ್ ಹೇಳಿಸಿ ಬಾಯಿ ಮುಚ್ಚಿಸಿದ ಮೊದಲೆರಡು ವರದಿಯ ಆ ಇಬ್ಬರು ಹೆಂಗಸರು ನೆನಪಾದರು.

“ಏನು ಹೇಳಾಕ ಬಂದಿತ್ತವ್ವ?”

“ಕೇಳಲಿಲ್ಲಲ್ಲ ನಾನು!” ಹುಲುಗಮ್ಮ ಗೋಡೆಗೆ ತಲೆ ಚಚ್ಚಿಕೊಂಡಳು. ಸಂತೋಷಮ್ಮ ಗೋಡೆಗೂ ಆ ತಲೆಗೂ ನಡುವೆ ಅಂಗೈ ಇಟ್ಟಳು, ಅಳು ನಿಲ್ಲುವವರೆಗೂ ತೆಗೆಯಲಿಲ್ಲ.

ಮೂರನೆಯ ವರದಿ ಬೆಂಗಳೂರಿಗೆ ಹೋಗಲೇ ಇಲ್ಲ. ಆ ತಾಯಿಯ ಮಾತನ್ನು ಮಾರ್ಕಿಗೆ ಒಪ್ಪಿಸಲು ಅವಳಿಂದಾಗಲಿಲ್ಲ. ಎಂ.ಎ. ಹೋಯಿತು. ಹೋಗಲಿ ಎಂದುಕೊಂಡರೂ ಅವಳಿಗೆ ಅಳು ಬಂತು.