ಉಲ್ಟಾ ಚೂಡಿ

ನಿನ್ನೆ ನಮ್ಮ ಹಳೇ ಹತ್ಯಾರುಗಳ ವಾಟ್ಸಾಪ್ ಗುಂಪಿನಲ್ಲಿ ಯಾರೋ ಒಂದು ಫೋಟೋ ಹಾಕಿದ್ದರು. ತುಕ್ಕು ಹಿಡಿದ ಬೆಂಚ್ ವೈಸ್. ಉಜ್ಜಬೇಕಾದ ವಸ್ತುವನ್ನು ಎರಡು ದವಡೆಗಳ ನಡುವೆ ಅಲುಗದಂತೆ ಕಚ್ಚಿ ಹಿಡಿಯುತ್ತದಲ್ಲ, ಅದು. ಕೆಳಗೆ ಒಂದೇ ಸಾಲು: ‘ಒಳಗಿನ ನಟ್ ಒಡೆದಿದೆ, ಎಲ್ಲಿ ಸಿಗತ್ತೆ ಗುರು?’ ಗೊತ್ತಿರುವುದಕ್ಕೂ ಗೊತ್ತಿಲ್ಲದ್ದಕ್ಕೂ ಆ ಗುಂಪಿನಲ್ಲಿ ಮೊದಲು ಉತ್ತರ ಹಾಕುವವನು ನಾನೇ. ನಿನ್ನೆ ಮಾತ್ರ ಟೈಪ್ ಮಾಡುವುದು, ಅಳಿಸುವುದು, ಹೀಗೇ ಅರ್ಧ ಗಂಟೆ ಹೋಯಿತು. ಒಂದು ಮೆಸೇಜಿನಲ್ಲಿ ಹಿಡಿಯುವ ಉತ್ತರವಲ್ಲ ಅದು. ನಿಮಗಾದರೆ ನಿಧಾನವಾಗಿ ಹೇಳಬಹುದು.

ಜೋಗುಪಾಳ್ಯದಲ್ಲಿ ಸೆಲ್ವಿ ಅಕ್ಕನ ಅಂಗಡಿಯಿದೆ. ಹೊಲಿಗೆ ಮೆಷಿನ್ ರಿಪೇರಿ. ಒಳಗೆ ಇಬ್ಬರಿದ್ದರೆ ಮೂರನೆಯವರು ರಸ್ತೆಯಲ್ಲಿ ನಿಂತೇ ಮಾತಾಡಬೇಕು, ಅಷ್ಟು ಅಗಲ. ಅಂಗಡಿಯೂ ಕೆಲಸವೂ ಅವಳಿಗೆ ಅಪ್ಪನಿಂದ ಬಂದದ್ದು. ಅವರು ತೀರಿಕೊಂಡು ಬಹಳ ವರ್ಷವಾಗಿದೆ. ಎರಡು ವರ್ಷದ ಹಿಂದೆ ನಾನು ಅಲ್ಲಿಗೆ ಹೋಗತೊಡಗಿದಾಗ ಫೋನಿನಲ್ಲಿ ವಿಡಿಯೋ ನೋಡಿ ನೋಡಿ ನನ್ನ ಲೆಕ್ಕದಲ್ಲಿ ಮುಕ್ಕಾಲು ಮೆಕ್ಯಾನಿಕ್ ಆಗಿದ್ದೆ. ಒಂದು ಮಧ್ಯಾಹ್ನ ನನ್ನ ಹಳೇ ಸೈಕಲ್ಲಿನ ಬ್ರೇಕ್ ಲಿವರ್ ಒಯ್ದಿದ್ದೆ. ಅಕ್ಕ ಅದನ್ನು ವೈಸಿಗೆ ಕಚ್ಚಿಸಿ, ಅರ ಕೈಗೆ ಕೊಟ್ಟು, ಊಟಕ್ಕೆ ಹೊರಟಳು.

‘ಉಜ್ಜಾದ್ಮೇಲೆ ಬಿಚ್ಕೊಂಡು ಹೋಗು. ಶಟರ್ ಅರ್ಧ ಎಳ್ದಿಡು.’

ಉಜ್ಜಿದೆ. ಬಿಚ್ಚಲು ಹಿಡಿಯನ್ನು ಎಡಕ್ಕೆ ತಿರುಗಿಸಿದೆ. ಬರಲಿಲ್ಲ. ಇನ್ನಷ್ಟು ಒತ್ತಿದೆ. ಹಳೇ ಮಾಲು, ಜಾಮ್ ಆಗಿದೆ ಎಂದುಕೊಂಡೆ. ಇಂಥದ್ದಕ್ಕೆ ಏನು ಮಾಡಬೇಕೆಂದು ನಾನು ಮೂರು ವಿಡಿಯೋ ನೋಡಿದ್ದೆನಲ್ಲ. ಮೂಲೆಯಲ್ಲಿದ್ದ ಪೈಪನ್ನು ಹಿಡಿಗೆ ತೂರಿಸಿ ಅದಕ್ಕೆ ಜೋತುಬಿದ್ದೆ. ಒಳಗೆಲ್ಲೋ ‘ಟಪ್’ ಅಂದಿತು. ಹಿಡಿ ಗಾಳಿಯಲ್ಲಿ ತಿರುಗಿದ ಹಾಗೆ ತಿರುಗಿತು, ಲಿವರ್ ತಾನಾಗಿ ಕೆಳಗೆ ಬಿತ್ತು.

ಅಕ್ಕ ಬಂದು ನೋಡಿದಳು. ಬೈಯಲಿಲ್ಲ. ‘ಯಾವ ಕಡೆ ತಿರುಗ್ಸಿದೆ?’

‘ಎಡಕ್ಕೆ ಅಕ್ಕ. ಬಿಚ್ಚಕ್ಕೆ.’

‘ಎಡಕ್ಕೆ ತಿರುಗ್ಸಿದ್ರೆ ಬಿಗಿಯತ್ತಲ್ವಾ?’ ಲೋಕದ ವೈಸುಗಳೆಲ್ಲ ಹಾಗೇ ಇವೆ ಎಂಬ ದನಿ. ಬೇರೆ ವೈಸನ್ನು ಅವಳು ಮುಟ್ಟಿದ್ದೇ ಇಲ್ಲ.

ನನ್ನದೇ ಹೊಸ ವೈಸನ್ನು ತಂದು ಅವಳ ಬೆಂಚಿಗೆ ಕೂರಿಸಿಕೊಟ್ಟೆ. ಎರಡನೇ ದಿನ ಅವಳು ಬಿಗಿ ಮಾಡುತ್ತೇನೆಂದು ಸಡಿಲ ಮಾಡಿ, ಮೆಷಿನ್ನಿನ ಕಬ್ಬಿಣದ ತೋಳು ಕಾಲಿನ ಮೇಲೆ ಬಿದ್ದು, ಹೆಬ್ಬೆರಳ ಉಗುರು ಕಪ್ಪಾಯಿತು. ನಾಲ್ಕನೇ ದಿನ ಮತ್ತೆ ಅದೇ ಆಗುವುದರಲ್ಲಿತ್ತು.

‘ಅಭ್ಯಾಸ ಆಗತ್ತೆ ಬಿಡಕ್ಕ,’ ಅಂದೆ.

‘ತಲೆಗಾದ್ರೆ ಹೇಳ್ಬೋದು ಸಾಮಿ. ಕೈಗೆ ಯಾರು ಹೇಳ್ತಾರೆ?’

ಅಂಗಡಿಯಲ್ಲಿ ಬಿಚ್ಚಿದ ಮೆಷಿನ್‌ಗಳು ಗುಡ್ಡೆಯಾದವು. ಹಲಸೂರಿನ ಟೈಲರೊಬ್ಬರು ತಮ್ಮದನ್ನು ಹಾಗೇ ಎತ್ತಿಕೊಂಡು ಹೋದರು. ಹೀಗೇ ಇನ್ನೊಂದು ತಿಂಗಳು ಹೋದರೆ ಆ ಶಟರ್ ಏಳುವುದಿಲ್ಲ ಎಂದು ನನಗೂ ಗೊತ್ತಾಯಿತು. ಒಡೆದ ನಟ್ಟನ್ನೂ ಅದರ ಉದ್ದನೆಯ ಸ್ಕ್ರೂವನ್ನೂ ಬ್ಯಾಗಿಗೆ ಹಾಕಿಕೊಂಡು ಶಿವಾಜಿನಗರದ ಗುಜರಿ ಸಾಲಿಗೆ ಹೋದೆ.

ಏಳು ಅಂಗಡಿಯಲ್ಲಿ ಇಲ್ಲವೆಂದರು. ಎಂಟನೆಯ ಅಂಗಡಿಯ ಚಾಚಾ ಸ್ಕ್ರೂವಿನ ಮೈಮೇಲಿನ ಸುರುಳಿಗೆರೆಯ ಮೇಲೆ ಉಗುರು ಓಡಿಸಿ ನಕ್ಕರು. ‘ಉಲ್ಟಾ ಚೂಡಿ, ಗೆರೆ ಎಡಕ್ಕೆ ಸುತ್ತಿದೆ. ಇದು ಕಂಪ್ನಿ ಮಾಲಲ್ಲ ಬೇಟಾ, ಯಾರೋ ಲೇತ್‌ನಲ್ಲಿ ಹೊಡ್ಸಿದಾರೆ. ತುದೀಲಿ ಮೂರು ಚುಕ್ಕೆ ಇದೆ ನೋಡು. ಗರುಡಾಚಾರ್‌ಪಾಳ್ಯದಲ್ಲಿ ಒಬ್ರು ಮುನಿಯಪ್ಪ ಅಂತ, ಅವ್ರ ಗುರುತು. ಇದ್ರೆ ಇರ್ತಾರೆ, ಹೋಗಿ ನೋಡು.’

ಇದ್ದರು. ಮಗನ ಹೊಸ ಮೆಷಿನ್‌ಗಳು ಮಿಣಮಿಣ ಎನ್ನುತ್ತಿದ್ದ ಶೆಡ್ಡಿನ ಹಿಂದೆ, ತಗಡಿನ ಗೋಡೆಗೆ ಒರಗಿಸಿದ ಕುರ್ಚಿಯಲ್ಲಿ. ಹೋಗಿ ನಿಂತೆ. ಬ್ಯಾಗಿನ ಜಿಪ್ಪನ್ನೂ ಎಳೆದಿರಲಿಲ್ಲ, ‘ಜೋಗುಪಾಳ್ಯದ ವೈಸು’ ಅಂದೆ ಅಷ್ಟೆ.

‘ಪೈಪ್ ಹಾಕಿದ್ರಾ?’

ಹೌದೆಂದು ತಲೆಯಾಡಿಸಿದೆ. ಮುನಿಯಪ್ಪನವರು ಎದ್ದು ಹೋಗಿ, ಗ್ರೀಸು ತುಂಬಿದ ಹಳೇ ಬಿಸ್ಕತ್ ಡಬ್ಬಿಯೊಳಗೆ ಕೈಬಿಟ್ಟು, ಒಂದು ನಟ್ ಎತ್ತಿದರು. ಬಟ್ಟೆಯಲ್ಲಿ ಒರೆಸಿದಾಗ ನಿನ್ನೆ ಮಾಡಿದ ಹಾಗಿತ್ತು.

‘ದೊರೈ ಅಂತ, ಆ ಹೆಣ್ಮಗಳ ಅಪ್ಪ. ಪ್ರೆಸ್ಸಿಗೆ ಸಿಕ್ಕಿ ಬಲಗೈಯಲ್ಲಿ ಕೊನೇ ಎರಡು ಬೆರಳು ಹೋಗಿತ್ತು. ಬಲಗೈಲಿ ಬಿಗಿ ಮಾಡಕ್ಕಾಗ್ದೆ ಎಡಗೈಗೆ ಆಗೋ ಹಂಗೆ ಸ್ಕ್ರೂ ಮಾಡ್ಸ್ಕೊಂಡ. ನಟ್ ಮಾತ್ರ ಎರಡು ಮಾಡು ಅಂದ. ಗೊತ್ತಿಲ್ದೋನು ಒಬ್ಬ ಪೈಪ್ ಹಾಕಿ ಒಡೀತಾನೆ, ಅವನೇ ನಿನ್ ಹತ್ರ ಬರ್ತಾನೆ, ಕೊಡು ಅಂದ. ಇಪ್ಪತ್ತು ವರ್ಷ ಆಯ್ತು, ಎಷ್ಟೊತ್ತು ಕಾಯಿಸ್ದ್ರಿ ನೀವು.’

ದೊರೈ ಹಾಗೆಂದಾಗ ನಾನು ಎರಡನೇ ಕ್ಲಾಸಿನಲ್ಲಿದ್ದಿರಬೇಕು. ಮೆಟ್ರೋದಲ್ಲಿ ಕೂತು ಸಮಾಧಾನ ಮಾಡಿಕೊಂಡೆ: ಉಲ್ಟಾ ವೈಸು, ನನ್ನಂಥವನು ಎಂದಾದರೂ ಒಬ್ಬ ಬಂದೇ ಬರುತ್ತಾನೆ, ಇದನ್ನು ಊಹಿಸುವುದೇನು ದೊಡ್ಡದು. ಹಲಸೂರಿನಲ್ಲಿ ಇಳಿಯುವವರೆಗೂ ಬ್ಯಾಗನ್ನು ಮಾತ್ರ ತೊಡೆಯ ಮೇಲೆ ಇಟ್ಟುಕೊಳ್ಳಲಿಲ್ಲ.

ನಟ್ ಸರಿಯಾಗಿ ಕೂತಿತು. ಅಕ್ಕ ಎಡಗೈಯನ್ನು ಹಿಡಿಯ ಮೇಲಿಟ್ಟು ಮೈಭಾರ ಬಿಟ್ಟಳು, ದವಡೆ ಕಚ್ಚಿತು. ಅರ ತೆಗೆದುಕೊಂಡು ಉಜ್ಜತೊಡಗಿದಳು. ಅಷ್ಟು ದಿನ ಬಂದು ಹೋಗಿದ್ದರೂ ಅವಳ ಬಲಗೈಯನ್ನು ನಾನು ನೋಡಿದ್ದು ಅವತ್ತೇ. ಕಿರುಬೆರಳನ್ನೂ ಅದರ ಪಕ್ಕದ್ದನ್ನೂ ಅಂಗೈಯೊಳಗೆ ಮಡಚಿಕೊಂಡು, ಮಿಕ್ಕ ಮೂರರಲ್ಲೇ ಅರ ಹಿಡಿದಿದ್ದಳು.

ನನ್ನ ಬಾಯಿ ಸುಮ್ಮನಿರಬೇಕಿತ್ತು. ‘ಅಕ್ಕ, ಆ ಎರಡು ಬೆರಳು ಯಾಕೆ ಮಡಚಿದೀಯ?’

‘ಯಾವ ಬೆರಳು?’

ಕೈ ತಿರುಗಿಸಿ ನೋಡಿಕೊಂಡಳು. ಬೇರೆ ಯಾರದೋ ಕೈ ನೋಡಿದ ಹಾಗೆ. ಬೆರಳುಗಳಿಗೆ ಏನೂ ಆಗಿರಲಿಲ್ಲ. ಉಳಿದ ಉಗುರುಗಳಲ್ಲೆಲ್ಲ ಎಣ್ಣೆಮಸಿ ಕೂತಿತ್ತು, ಆ ಎರಡರಲ್ಲಿ ಮಾತ್ರ ಇರಲಿಲ್ಲ. ಐದೂ ಬೆರಳಲ್ಲಿ ಅರ ಹಿಡಿದು ತಳ್ಳಿದಳು; ಜಾರಿತು. ಇನ್ನೊಮ್ಮೆ ತಳ್ಳಿದಳು, ದವಡೆಯ ಮೇಲೆ ಗೀರಿಕೊಂಡು ಹೋಯಿತು.

‘ಅಪ್ಪ ಮಾಡೋದ್ನ ನೋಡ್ಕೊಂಡು ಕಲ್ತಿದ್ದು. ಹಿಂಗ್ ಹಿಡಿ ಅಂತ ಒಂದಿನಾನೂ ಹೇಳ್ಕೊಡ್ಲಿಲ್ಲ ಅವ್ರು.’ ಅರ ಕೆಳಗಿಟ್ಟಳು. ‘ಇದನ್ನ ನೀನು ಕೇಳ್ಬಾರ್ದಿತ್ತು ಕಣೋ.’

ಮೂರು ದಿನ ಅವಳಿಗೆ ಉಜ್ಜಲು ಆಗಲಿಲ್ಲ. ಮಡಚಿದರೆ ಮಡಚಿದ್ದು ನೆನಪಾಗುತ್ತದೆ, ಬಿಡಿಸಿದರೆ ಅರ ಜಾರುತ್ತದೆ. ಪೈಪು ಹಾಕಿ ನಾನು ಒಡೆದದ್ದು ವೈಸನ್ನು. ಒಂದು ಪ್ರಶ್ನೆ ಹಾಕಿ ಅವಳ ಕೈಯನ್ನೇ ಒಡೆದೆ ಅನ್ನಿಸಿತು. ನಾಲ್ಕನೆಯ ದಿನ ಗಲ್ಲಿಯ ತಿರುವಿನಲ್ಲೇ ಅರದ ಸದ್ದು ಕೇಳಿತು. ಅದು ನಿಲ್ಲುವವರೆಗೂ ನಾನು ಹೊರಗೇ ನಿಂತಿದ್ದೆ. ಟೈಲರುಗಳು ಒಬ್ಬೊಬ್ಬರೇ ವಾಪಸು ಬಂದರು. ಕೈಯ ಮಾತನ್ನು ಇಬ್ಬರೂ ಮತ್ತೆ ಎತ್ತಲಿಲ್ಲ.

ಈಗ ಭಾನುವಾರಗಳಲ್ಲಿ ನಾನು ಅಲ್ಲೇ ಕೆಲಸ ಕಲಿಯುತ್ತೇನೆ. ವಿಡಿಯೋ ಬಿಟ್ಟಾಯಿತು, ಅಕ್ಕ ಹೇಳಿಕೊಡುವುದಿಲ್ಲ, ಮಾಡುತ್ತಾಳೆ, ನಾನು ನೋಡುತ್ತೇನೆ. ಕಳೆದ ವಾರ ಅವಳು ತನ್ನ ಕೆಲಸ ನಿಲ್ಲಿಸಿ ನನ್ನ ಬಲಗೈಯನ್ನೇ ಬಹಳ ಹೊತ್ತು ನೋಡಿದಳು.

‘ಏನಕ್ಕ?’

‘ಏನಿಲ್ಲ. ಉಜ್ತಾ ಇರು, ಕೆಳಗ್ ನೋಡ್ಬೇಡ.’

ನಾನು ನೋಡಲಿಲ್ಲ. ಅರ ಮೊದಲ ಸಲ ನೆಟ್ಟಗೆ ಹೋಗುತ್ತಿತ್ತು.