ಬಾರುಕೋಲಿನ ತುದಿಯ ಮೊಳೆ

ಹೊಲಿಗೆ ಮಿಷಿನ್ನಿಗೆ ಬಿಡುವ ಎಣ್ಣೆಗೊಂದು ವಾಸನೆಯಿದೆ. ನೀವು ಗಮನಿಸಿರಲಿಕ್ಕಿಲ್ಲ. ಸೀಮೆಎಣ್ಣೆಯಷ್ಟು ಜೋರಲ್ಲ, ಕೊಬ್ಬರಿ ಎಣ್ಣೆಯಷ್ಟು ಪರಿಚಿತವೂ ಅಲ್ಲ. ತಣ್ಣಗಿನ ಕಬ್ಬಿಣವನ್ನು ಮೂಗಿಗೆ ಹಿಡಿದ ಹಾಗಿರುತ್ತದೆ. ಇವತ್ತು ಮಧ್ಯಾಹ್ನ ಪಾಂಡವಪುರದ ನಮ್ಮ ಮನೆಯಲ್ಲಿ ನನ್ನ ಹೆಂಡತಿ ಮಿಷಿನ್ನಿಗೆ ಹನಿ ಹನಿಯಾಗಿ ಎಣ್ಣೆ ಬಿಡುತ್ತಿದ್ದಳು. ಎದುರುಮನೆಯ ರತ್ನಮ್ಮನವರ ರವಿಕೆ ಸಂಜೆಯೊಳಗೆ ಆಗಬೇಕಿತ್ತು. ಕಾಲೇಜಿನಿಂದ ಬಂದ ನಾನು ಚಪ್ಪಲಿ ಬಿಡುವುದನ್ನೂ ಮರೆತು ಹೊಸ್ತಿಲ ಹೊರಗೇ ನಿಂತುಬಿಟ್ಟೆ.

"ಒಳಗೆ ಬನ್ನಿ, ಬರೀ ಎಣ್ಣೆ" ಅಂದಳು.

ಅವಳಿಗೆ ಗೊತ್ತು. ನನ್ನ ದೊಡ್ಡಪ್ಪ ಬಂದೂಕಿಗೆ ಹಾಕುತ್ತಿದ್ದದ್ದು ಇದೇ ಎಣ್ಣೆ.

ದೊಡ್ಡಪ್ಪನ ಊರು ನಾಗಮಂಗಲದ ಕಡೆ, ದೇವಲಾಪುರದಿಂದ ಒಳಗೆ. ಆ ಸುತ್ತಿನಲ್ಲಿ ಆತ ಹೆಸರಾದದ್ದು ಬಂದೂಕಿನಿಂದಲ್ಲ, ಎತ್ತು ಮಾರುವ ರೀತಿಯಿಂದ. ಎತ್ತು ಕೊಳ್ಳುವವರು ಹಲ್ಲು ನೋಡುತ್ತಾರೆ, ಸುಳಿ ನೋಡುತ್ತಾರೆ, ನಡಿಗೆ ನೋಡುತ್ತಾರೆ. ಅದು ಎಲ್ಲ ಕಡೆಯೂ ಇರುವುದೇ. ದೊಡ್ಡಪ್ಪನ ಹಟ್ಟಿಯಲ್ಲಿ ಕೊಳ್ಳುವವನನ್ನೂ ನೋಡಲಾಗುತ್ತಿತ್ತು. ಯಾವೂರು, ಮನೆಯಲ್ಲಿ ದನ ನೋಡಿಕೊಳ್ಳುವವರು ಯಾರು, ಹಿಂದಿನ ಜೊತೆ ಏನಾಯಿತು ಎಂದೆಲ್ಲ ಕೇಳಿಯಾದ ಮೇಲೆ ಕೊನೆಯ ಪ್ರಶ್ನೆ: "ಎಲ್ಲಿ, ನಿನ್ ಬಾರುಕೋಲು ತೋರ್ಸ್ಲಾ." ಕೋಲಿನ ತುದಿಯನ್ನು ಹೆಬ್ಬೆರಳಿನಿಂದ ಸವರಿ ನೋಡುತ್ತಿದ್ದ. ತುದಿಗೆ ಮೊಳೆ ಹೊಡೆದಿದ್ದರೆ ವ್ಯಾಪಾರ ಅಲ್ಲಿಗೇ ಮುಗಿಯಿತು. "ಎತ್ತಿಗೆ ಚುಚ್ಚೋನು ನೀನು. ಓಗು, ಟ್ರಾಕ್ಟರು ತಗೋ. ಅದುಕ್ಕೆ ಚುಚ್ಚುದ್ರೂ ನೋಯಾಕಿಲ್ಲ." ಮಾತಾಗಿ ವೀಳ್ಯ ಹಾಕಿದ ಮೇಲೂ ಹೀಗೆ ಬರಿಗೈಯಲ್ಲಿ ಹೋದವರನ್ನು ನಾನೇ ಕಂಡಿದ್ದೇನೆ. ಬೈದುಕೊಂಡು ಹೋಗುತ್ತಿದ್ದರು. ಮುಂದಿನ ವರ್ಷ ಮೊಳೆ ಕಿತ್ತು ವಾಪಸು ಬರುತ್ತಿದ್ದರು.

ಬಂದೂಕು ನಮ್ಮ ತಾತನ ಕಾಲದ್ದು. ಕಡಲೆಕಾಯಿ ಹೊಲಕ್ಕೆ ಬೀಳುತ್ತಿದ್ದ ಹಂದಿಗಳಿಗಾಗಿ ಲೈಸೆನ್ಸು ಮಾಡಿಸಿದ್ದ ಒಂಟಿ ನಳಿಗೆಯದು. ಹೊಲಕ್ಕೆ ತೆಂಗು ಇಟ್ಟ ಮೇಲೆ ಅದಕ್ಕೆ ಕೆಲಸವಿರಲಿಲ್ಲ. ಅಟ್ಟದ ಮೇಲೆ ಕಂಬಳಿ ಸುತ್ತಿಕೊಂಡು ಮಲಗಿತ್ತು. ಆದರೂ ದೊಡ್ಡಪ್ಪ ಆಗಾಗ ಇಳಿಸಿ ಎಣ್ಣೆ ಹಾಕುತ್ತಿದ್ದ, ಲೈಸೆನ್ಸು ತಪ್ಪದೆ ರಿನ್ಯೂವಲ್ ಮಾಡಿಸುತ್ತಿದ್ದ. ಚುನಾವಣೆ ಬಂದಾಗಲೆಲ್ಲ ಊರಿನ ಇತರ ಲೈಸೆನ್ಸುದಾರರ ಜೊತೆ ಅದನ್ನು ಹೆಗಲಿಗೇರಿಸಿ ಠಾಣೆಗೆ ಹೋಗಿ, ಕೊಟ್ಟು, ಚೀಟಿ ಪಡೆದು ಬರುತ್ತಿದ್ದ. ಮತ ಎಣಿಕೆಯಾದ ಮೇಲೆ ಹೋಗಿ ತರುತ್ತಿದ್ದ. "ಬಾಣಂತನುಕ್ಕೆ ಮಗಳ್ನ ಕರ್ಕಬಂದಂಗೆ ಆಯ್ತದೆ ಕಣ್ಲಾ" ಎಂದು ನಗುತ್ತಿದ್ದ.

ಹೀಗಿರುವಾಗ ಪುಟ್ಟರಾಜು ಬಂದ. ಕೆ.ಆರ್.ಪೇಟೆ ಸೀಮೆಯವನು, ಮಾಕವಳ್ಳಿಯ ಹತ್ತಿರದ ಒಂದು ಹಳ್ಳಿಯಲ್ಲಿ ಕಬ್ಬು ಬೆಳೆಯುವವನು, ನಮ್ಮ ಅತ್ತೆಯ ಗಂಡನ ಕಡೆಯಿಂದ ದೂರದ ನೆಂಟ. ಸಕ್ಕರೆ ಕಾರ್ಖಾನೆಯಿಂದ ಕಡಿಯುವ ಸರದಿ ಬರುವಷ್ಟರಲ್ಲಿ ಹಂದಿಗಳು ಅವನ ಕಬ್ಬನ್ನು ಅಡ್ಡಡ್ಡ ಮಲಗಿಸಿದ್ದವು. ಅದು ಸುಳ್ಳಲ್ಲ, ಆಮೇಲೆ ನಾನೇ ನೋಡಿದೆ. ಬಂದೂಕು ಕ್ರಯಕ್ಕೆ ಕೊಡಿ ಎಂದು ಕೇಳಿದ. ಕಾಗದಪತ್ರ ಆಮೇಲೆ ಮಾಡಿಸಿಕೊಂಡರಾಯಿತು ಎಂದ.

ಹಾಗೆ ಕೊಡುವಂತಿಲ್ಲ ಎಂಬುದು ದೊಡ್ಡಪ್ಪನಿಗೆ ತಿಳಿಯದ ವಿಷಯವೇನಲ್ಲ. ಕೊಳ್ಳುವವನು ಮೊದಲು ಲೈಸೆನ್ಸು ಪಡೆಯಬೇಕು, ಪೊಲೀಸರು ಅವನ ಪೂರ್ವಾಪರ ವಿಚಾರಿಸಬೇಕು. ನಾನೂ ಹೇಳಿದೆ.

"ಅಷ್ಟೆಲ್ಲಾ ಆಗೋದ್ರಲ್ಲಿ ಅವ್ನ ಕಬ್ಬು ಸಿಪ್ಪೆ ಆಗಿರ್ತದೆ ಕಣ್ಲಾ. ಅಂದಿಗೆ ಅರ್ಜಿ ಗಿರ್ಜಿ ಗೊತ್ತಾ? ಅವ್ನೇನು ಬೇರೆಯೋನಾ, ನಮ್ಮೋನೇ."

ಆ ಮಾತಿನಲ್ಲಿ ನ್ಯಾಯವೇ ಇರಲಿಲ್ಲ ಎಂದು ಈಗಲೂ ಹೇಳಲಾರೆ. ಕಚೇರಿಯ ಮೇಜಿನಿಂದ ಮೇಜಿಗೆ ಕಾಗದ ನಡೆಯುವ ವೇಗವೂ ಹಂದಿ ನಡೆಯುವ ವೇಗವೂ ಒಂದೇ ಅಲ್ಲ. ಆದರೂ ದೊಡ್ಡಪ್ಪನಿಗೆ ಒಳಗೊಳಗೇ ಏನೋ ಅಳುಕು ಇದ್ದಿರಬೇಕು. ನಾನು ಹೊರಡುವಾಗ ಅಂದ: "ಯಾವುದುಕ್ಕೂ ಒಂದ್ ಕಿತ ಅವ್ನ ಊರ್ಗೋಗಿ ಇಚಾರ್ಸ್ಕಬಾ. ಓದಿರೋನು ನೀನು. ನನ್ಗಿಂತ ಚೆನ್ನಾಗ್ ಕೇಳ್ತೀಯ."

ಓದಿದವನು ಹೇಗೆ ವಿಚಾರಿಸಿದ ಎಂಬುದನ್ನು ಕೇಳಿ. ನಾನು ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುವವನು. ಮಾರುವವನಿಗೂ ಕೊಳ್ಳುವವನಿಗೂ ಎಲ್ಲ ವಿಷಯ ಪೂರ್ತಿ ತಿಳಿದಿದೆ ಎಂದು ಭಾವಿಸಿಕೊಳ್ಳಿ ಎಂದು ಪ್ರತಿವರ್ಷ ಪಾಠ ಶುರು ಮಾಡುತ್ತೇನೆ. ಒಂದು ಭಾನುವಾರ ಬೆಳಿಗ್ಗೆ ಪುಟ್ಟರಾಜುವಿನ ಊರಿನ ರಸ್ತೆಯಲ್ಲಿದ್ದ ಟೀ ಅಂಗಡಿಯ ಮುಂದೆ ಸ್ಕೂಟರ್ ನಿಲ್ಲಿಸಿದೆ. ಅಂಗಡಿಯ ಸಾಬರು ಒಳ್ಳೆಯ ಟೀ ಕೊಟ್ಟರು. ಪುಟ್ಟರಾಜು ಹೇಗೆ ಎಂದು ಕೇಳಿದೆ.

"ಪುಟ್ರಾಜಣ್ಣನಾ? ಏಕ್ದಂ ಒಳ್ಳೆ ಆದ್ಮಿ ಸಾರ್. ಈ ಅಂಗ್ಡಿಗೆ ಹಾಲು ಅವ್ರದ್ದೇ. ಒಂದ್ ದಿವ್ಸಾನೂ ನೀರು ಹಾಕಿಲ್ಲ ನೋಡಿ."

ಹಾಲಿಗೆ ನೀರು ಹಾಕದವನ ಕೈಗೆ ಬಂದೂಕು ಕೊಡಬಹುದು ಎಂದು ನಾನು ತೀರ್ಮಾನಿಸಿದೆ. ಈಗ ಬರೆಯುವಾಗ ನಗು ಬರಬೇಕು. ಬರುವುದಿಲ್ಲ.

ಮನೆಗೂ ಹೋದೆ. ಪುಟ್ಟರಾಜು ಕೊಟ್ಟಿಗೆಯಲ್ಲಿದ್ದ. ಅವನ ಹೆಂಡತಿ ಜಯಮ್ಮ ಅಂಗಳದಲ್ಲಿ ಪಾತ್ರೆ ತೊಳೆಯುತ್ತಿದ್ದವಳು ಎದ್ದು ನಿಂತು, "ಬಂದೂಕಿನ ಇಸ್ಯಕ್ಕೆ ಬಂದ್ರಾ?" ಎಂದು ಮೆಲ್ಲಗೆ ಕೇಳಿದಳು. ಹೌದೆಂದೆ. ಅಷ್ಟರಲ್ಲಿ ಅವನು ಬಂದ. ಜಯಮ್ಮ ಕಾಫಿ ತಂದಳು. "ಸಕ್ರೆ ಸಾಕಾ ಅಣ್ಣ?" ಅಂದಳು. ಸಾಕೆಂದೆ. ಲೋಟ ಇಟ್ಟ ಮೇಲೆ ಒಳಗೆ ಹೋಗದೆ ಬಾಗಿಲಿಗೆ ಆತು ನಿಂತಳು. ಎಷ್ಟು ಹೊತ್ತು? ಒಂದು ಗುಟುಕು ಕುಡಿಯುವಷ್ಟು ಹೊತ್ತು ಇರಬಹುದು. ಪುಟ್ಟರಾಜು ತಿರುಗಿ ನೋಡಿದ. ಅವಳು ಒಳಗೆ ಹೋದಳು.

ಹೊರಡುವಾಗ ಕೊಟ್ಟಿಗೆಯ ಗೋಡೆಗೆ ಒರಗಿಸಿದ್ದ ಬಾರುಕೋಲು ಕಂಡಿತು. ತುದಿಗೆ ಮೊಳೆ ಇತ್ತು, ಉಜ್ಜಿ ಹೊಳೆಯುತ್ತಿತ್ತು. ನಾನು ನೋಡಿದೆ ಎಂಬುದರಲ್ಲಿ ಅನುಮಾನವಿಲ್ಲ. ಅಯ್ಯೋ, ದೊಡ್ಡಪ್ಪ ಕಂಡಿದ್ದರೆ ಏನನ್ನುತ್ತಿದ್ದ ಎಂದು ಮನಸ್ಸಿನಲ್ಲೇ ನಕ್ಕದ್ದೂ ನೆನಪಿದೆ. ನಾನು ಬಂದದ್ದು ಎತ್ತಿನ ವ್ಯಾಪಾರಕ್ಕಲ್ಲವಲ್ಲ, ಬಂದೂಕಿನ ವ್ಯಾಪಾರಕ್ಕೆ. ದೊಡ್ಡಪ್ಪನ ಊರಿಗೆ ಹೋಗಿ, "ಒಳ್ಳೆ ಜನ ದೊಡ್ಡಪ್ಪ" ಎಂದೆ. ಮೊಳೆಯ ವಿಷಯ ಹೇಳಲಿಲ್ಲ.

ಬಂದೂಕು ಹೋಯಿತು. ಮಿಕ್ಕಿದ್ದ ತೋಟಾಗಳೂ ಹೋದವು. ಕಂಬಳಿಯೂ ಹೋಯಿತು.

ಅದಾಗಿ ಕೆಲವು ತಿಂಗಳಿಗೆ ಚುನಾವಣೆ ಬಂತು. ಬಂದೂಕು ತಂದು ಇಡಿ ಎಂದು ಠಾಣೆಯಿಂದ ದೊಡ್ಡಪ್ಪನಿಗೆ ಫೋನು ಬಂತು. ಪುಸ್ತಕದಲ್ಲಿ ಇದ್ದದ್ದು ಅವನ ಹೆಸರೇ. ಆಮೇಲೆ ಮಾಡಿಸಿಕೊಳ್ಳುವ ಕಾಗದ ಎಲ್ಲರ ಮನೆಯಲ್ಲೂ ಆಮೇಲೆಯೇ ಉಳಿಯುತ್ತದೆ, ನಿಮಗೆ ಗೊತ್ತಿರುವುದೇ. ಹೀಗಾಗಿ ಅದನ್ನು ಎರವಲು ತಂದು ಠಾಣೆಗೆ ಕೊಡಲು ದೊಡ್ಡಪ್ಪನೂ ನಾನೂ ಹೊರಟೆವು. ಕಾರಿನಲ್ಲೇ ಹೋದೆವು. ಮಾಕವಳ್ಳಿ ದಾಟುವಾಗ ಗಾಳಿಯಲ್ಲಿ ಕಾರ್ಖಾನೆಯ ಹುಳಿ ಹುಳಿ ವಾಸನೆ ತುಂಬಿತ್ತು.

ಬೆಳಿಗ್ಗೆ ಹನ್ನೊಂದು ಗಂಟೆ. ಒಳ್ಳೆಯ ಬಿಸಿಲು. ಪುಟ್ಟರಾಜುವಿನ ಅಂಗಳವನ್ನೂ ಅವನ ಅಣ್ಣ ನಂಜೇಗೌಡನ ಅಂಗಳವನ್ನೂ ಬೇರೆ ಮಾಡುವುದು, ಭಾಗವಾದಾಗ ಎಬ್ಬಿಸಿದ ಎದೆಯೆತ್ತರದ ಗೋಡೆ. ಆ ಕಡೆ ನಂಜೇಗೌಡ ಎಮ್ಮೆಗೆ ನೀರು ಕುಡಿಸುತ್ತಿದ್ದ. ಬೋರಿನ ನೀರಿನ ಸರದಿಗಾಗಿ ಅಣ್ಣತಮ್ಮಂದಿರಿಗೆ ಮಾತು ಬಿಟ್ಟು ಎರಡು ವರ್ಷವಾಗಿತ್ತಂತೆ. ಇದು ನಮಗೆ ತಿಳಿದದ್ದು ಆಮೇಲೆ. ಊರಿನಲ್ಲಿ ಯಾರನ್ನು ಕೇಳಿದ್ದರೂ ಮೊದಲೇ ತಿಳಿಯುತ್ತಿತ್ತು.

ಪುಟ್ಟರಾಜು ಒಳಗಿನಿಂದ ಬಂದೂಕು ಹಿಡಿದು ಬಂದ. ಅವನ ಮುಖ ಆಗಲೇ ಬಿಗಿದಿತ್ತು.

"ತೋಟಾ ತೆಗ್ದಿದ್ದೀಯೇನ್ಲಾ?" ಅಂದ ದೊಡ್ಡಪ್ಪ.

ಆಗ ಗೋಡೆಯ ಆಚೆಯಿಂದ ನಂಜೇಗೌಡ ಎಮ್ಮೆಗೆ ಹೇಳುವವನ ಹಾಗೆ ಗಟ್ಟಿಯಾಗಿ ಅಂದ: "ನೋಡವ್ವ, ಎರವಲು ಬಂದೂಕು ಕಿತ್ಕೊಂಡೋಗಕ್ಕೆ ಬಂದವ್ರೆ. ಇಷ್ಟು ದಿನ ಮೀಸೆ ತಿರುವ್ಕೊಂಡು ತಿರುಗ್ದ. ಇನ್ಮೇಲೆ ಅಂದಿ ಓಡ್ಸಕ್ಕೆ ತಗಡು ಬಡ್ಕಬೇಕು ಪಾಪ."

ಪುಟ್ಟರಾಜು ಗಕ್ಕನೆ ತಿರುಗಿದ. ತಿರುಗುವಾಗ ನಳಿಗೆಯ ಬಾಯಿ ಮೊದಲು ನನ್ನ ಎದೆಯ ಮೇಲೆ ಬಂತು. ಆಮೇಲೆ ದೊಡ್ಡಪ್ಪನ ರುಮಾಲಿನ ಮೇಲೆ ಹಾದು ಗೋಡೆಯ ಕಡೆ ಹೋಯಿತು. ಎಷ್ಟು ಹೊತ್ತಾಗಿದ್ದೀತು? ಗಡಿಯಾರದಲ್ಲಿ ಎರಡು ಕ್ಷಣ. ನನಗೆ ಅದು ಇನ್ನೂ ಮುಗಿದಿಲ್ಲ. ಪಾಠ ಹೇಳುವಾಗ ಬರುತ್ತದೆ, ಸಂತೆಯಲ್ಲಿ ಬದನೆಕಾಯಿ ಆರಿಸುವಾಗ ಬರುತ್ತದೆ: ಆ ದುಂಡನೆಯ ಕಪ್ಪು ನನ್ನ ಅಂಗಿಯ ಮೂರನೆಯ ಗುಂಡಿಯ ಎದುರು ನಿಂತಿರುತ್ತದೆ. ಎಣ್ಣೆಯ ವಾಸನೆ ಮೂಗಿಗೆ ಬಡಿಯುತ್ತದೆ. ಬಗ್ಗಬೇಕೆನ್ನಿಸುತ್ತದೆ, ಬಗ್ಗಲಾಗುವುದಿಲ್ಲ.

ಗುಂಡಿನ ಶಬ್ದ ನನಗೆ ಸರಿಯಾಗಿ ನೆನಪಿಲ್ಲ. ನೆನಪಿರುವುದು ಬಕೀಟು ಬಿದ್ದು ಕಲ್ಲಿನ ಮೇಲೆ ಉರುಳಿದ ಶಬ್ದ.

ನಂಜೇಗೌಡ ಮೈಸೂರಿನ ಆಸ್ಪತ್ರೆಯಲ್ಲಿ ಮೂರನೆಯ ದಿನ ತೀರಿಕೊಂಡ. ಕಾರಿನ ಹಿಂದಿನ ಸೀಟಿನಲ್ಲಿ ಅವನ ತಲೆ ದೊಡ್ಡಪ್ಪನ ತೊಡೆಯ ಮೇಲಿತ್ತು. ಪುಟ್ಟರಾಜು ಓಡಿಹೋಗಲಿಲ್ಲ. ಪೊಲೀಸರು ಬಂದಾಗ ಬಂದೂಕನ್ನು ಕಂಬಳಿಯಲ್ಲಿ ಸುತ್ತಿಟ್ಟು ಜಗುಲಿಯ ಮೇಲೆ ಕೂತಿದ್ದನಂತೆ. ದೊಡ್ಡಪ್ಪನ ಮೇಲೂ ಕೇಸಾಯಿತು. ಆಗಲೇಬೇಕಿತ್ತು. ನನ್ನ ಹೇಳಿಕೆ ಬರೆದುಕೊಂಡ ಅಧಿಕಾರಿ ಕೇಳಿದರು: "ಮುಂಚೆ ಅವನನ್ನ ನೋಡಿದ್ರಾ?" ನೋಡಿದ್ದೆ. "ಹೇಗನ್ನಿಸಿತ್ತು?" ಒಳ್ಳೆಯವನು ಅನ್ನಿಸಿತ್ತು. ಅವರು ತಲೆಯೆತ್ತದೆ ಅದನ್ನೂ ಬರೆದುಕೊಂಡರು.

ಆಮೇಲೆ ಒಂದು ದಿನ ದೊಡ್ಡಪ್ಪನಿಗೆ ಮೊಳೆಯ ವಿಷಯ ಹೇಳಿದೆ. ಹೇಳದೆ ಇರಲಾಗಲಿಲ್ಲ. ಆತ ತೆಂಗಿನ ಬುಡಕ್ಕೆ ಬಿದ್ದಿದ್ದ ಗರಿ ಎಳೆದು ಬದಿಗಿಟ್ಟು, "ನಿನ್ ತಪ್ಪಲ್ಲ ಬುಡ್ಲಾ" ಎಂದ. "ಎತ್ತು ಮಾರಾಗ ನಾನೇ ಮುಟ್ಟಿ ನೋಡ್ತಿದ್ದೆ. ಇದುಕ್ಕೆ ನಿನ್ನ ಕಳುಸ್ದೆ." ಆ ಸಮಾಧಾನ ನನ್ನನ್ನು ಇನ್ನಷ್ಟು ಕೊರೆಯಿತು. ಈಗ ಅವನ ಹಟ್ಟಿಯಲ್ಲಿ ಎತ್ತುಗಳಿಲ್ಲ.

ಸಾಕ್ಷಿ ಹೇಳಲು ಹೋದ ದಿನ ಕೋರ್ಟಿನ ಮುಂದಿನ ಹೊಂಗೆಮರದ ಕೆಳಗೆ ಜಯಮ್ಮ ಸಿಕ್ಕಳು. ತಪ್ಪಿಸಿಕೊಂಡು ಹೋಗಲು ನೋಡಿದೆ. ಅವಳೇ ಹತ್ತಿರ ಬಂದಳು. ಕೂಗಾಡಲಿಲ್ಲ.

"ಅವತ್ತು ಸಕ್ರೆ ಸಾಕಾ ಅಂತ ನಾನ್ ನಿಮ್ನ ಕೇಳ್ದೆ ಅಣ್ಣ. ನೀವು ನನ್ನ ಏನೂ ಕೇಳ್ನಿಲ್ಲ. ಕೇಳಿದ್ರೆ ಬ್ಯಾಡ ಅಂದ್ಬುಡ್ತಿದ್ದೆ. ಮುಡಿಯೊಳಗೆ ಗಾಯ ಇತ್ತು, ತೋರುಸ್ತಿದ್ದೆ. ಬಾರುಕೋಲಿನ ಮೊಳೇಲಿ ಆಗಿದ್ದು."

ಬಂದೂಕು ಮಾರುವ ಮುಂಚೆ ಕೊಳ್ಳುವವನ ಪೂರ್ವಾಪರ ವಿಚಾರಿಸಬೇಕೇ ಎಂದು ಈಗ ಯಾರಾದರೂ ನನ್ನೆದುರು ವಾದಕ್ಕೆ ಕೂತರೆ ನನಗೆ ವಾದ ಮಾಡಲು ಬರುವುದಿಲ್ಲ. ವಿಚಾರಿಸಬೇಕು. ನೆಂಟನಾದರೂ ವಿಚಾರಿಸಬೇಕು, ನೆಂಟನಾದರೆ ಇನ್ನೂ ಹೆಚ್ಚು. ನಾವು ಕೇಳುವುದು ಯಾರ ಕಡೆಯವನು ಎಂದು, ಎಂಥವನು ಎಂದಲ್ಲ. ತಡವಾಗುತ್ತದೆ ಎನ್ನುವವರಿಗೆ ಹೇಳುವುದಿಷ್ಟೇ: ಕಬ್ಬು ಮರುವರ್ಷ ಕೂಳೆಯಿಂದ ಮತ್ತೆ ಚಿಗುರಿತು. ನಂಜೇಗೌಡನ ಎಮ್ಮೆಯನ್ನು ಅವನ ಹೆಂಡತಿ ಯಾರಿಗೋ ಮಾರಿಬಿಟ್ಟಳು.

ಹೋದ ತಿಂಗಳು ನಮ್ಮ ಬೀದಿಗೆ ಒಬ್ಬ ಪೇದೆ ಬಂದಿದ್ದರು. ರತ್ನಮ್ಮನವರ ಯಜಮಾನರು ಕೋಳಿಫಾರಂ ಇಟ್ಟಿದ್ದಾರೆ. ಫಾರಂ ಹತ್ತಿರ ಚಿರತೆ ಓಡಾಡುತ್ತದೆಂದು ಬಂದೂಕಿಗೆ ಅರ್ಜಿ ಹಾಕಿದ್ದರು. ಪರಿಚಯದವರೊಬ್ಬರು ತಮ್ಮದನ್ನು ಮಾರುವುದಕ್ಕೂ ತಯಾರಿದ್ದಾರಂತೆ. ಪೇದೆ ಅವರ ಜಗುಲಿಯಲ್ಲೇ ಕಾಫಿ ಕುಡಿಯುತ್ತಾ, "ಬನ್ನಿ ಮೇಷ್ಟ್ರೇ, ಒಳ್ಳೇವ್ರು ಅಂತ ಒಂದು ಸೈನ್ ಹಾಕಿ" ಎಂದು ಕರೆದರು. ಯಜಮಾನರು ಪಕ್ಕದಲ್ಲೇ ನಗುತ್ತಾ ನಿಂತಿದ್ದರು.

ನಾನು ಸಹಿ ಹಾಕಲಿಲ್ಲ. "ಅವ್ರ ಮನೆಯವ್ರನ್ನ ಕೇಳಿದ್ರಾ? ಇವ್ರು ಇಲ್ಲದಾಗ?" ಎಂದೆ. ಪೇದೆ ಲೋಟ ಕೆಳಗಿಟ್ಟರು. ಅವತ್ತಿನಿಂದ ಎದುರುಮನೆಯ ಯಜಮಾನರು ನನ್ನನ್ನು ಕಂಡರೆ ಮುಖ ತಿರುಗಿಸುತ್ತಾರೆ. "ದಿನಾ ಬೆಳಗಾದ್ರೆ ನೋಡೋ ಜನದ ಹತ್ರ ನಿಷ್ಠುರ ಕಟ್ಕೊಂಡ್ರಿ" ಎಂದು ನನ್ನ ಹೆಂಡತಿ ಎರಡು ದಿನ ಗೊಣಗಿದಳು. ಕಟ್ಟಿಕೊಂಡೆ.

ಇವತ್ತು ಸಂಜೆ ರತ್ನಮ್ಮನವರು ರವಿಕೆಗೆ ಬಂದರು. ನನ್ನ ಹೆಂಡತಿ ಕೊಕ್ಕೆ ಹೊಲಿದು, ಮಡಿಸಿ ಕೊಟ್ಟು, ಒಲೆಯ ಮೇಲಿನ ಹಾಲು ನೋಡಲು ಒಳಗೆ ಹೋದಳು. ಕೋಣೆಯಲ್ಲಿ ಎಣ್ಣೆಯ ವಾಸನೆ ಇನ್ನೂ ಇತ್ತು. ರವಿಕೆ ಕೈಗೆ ಬಂದ ಮೇಲೆ ಹೋಗಬೇಕಾದವರು ಬಾಗಿಲಿಗೆ ಆತು ನಿಂತಿದ್ದರು. ನಾನು ಪೇಪರು ಕೆಳಗಿಟ್ಟೆ.

"ಹೇಗಿದ್ದೀರಮ್ಮ?" ಎಂದು ಕೇಳಿದೆ.

"ಚೆನ್ನಾಗಿದ್ದೀನಿ" ಅಂದರು.

ಬೇರೆ ದಿನವಾಗಿದ್ದರೆ ಆ ಉತ್ತರ ಸಾಕಾಗುತ್ತಿತ್ತು. ಕುರ್ಚಿಯನ್ನು ಅವರ ಕಡೆ ಸರಿಸಿದೆ. ಬೀದಿಯ ಕಡೆ ಒಮ್ಮೆ ನೋಡಿ, ರವಿಕೆಯನ್ನು ಮಡಿಲಲ್ಲಿಟ್ಟುಕೊಂಡು ಕೂತರು. ನಾನು ಕಾದೆ.