ಕಚ್ಚಾ ಹೊಲಿಗೆಯ ಬೇಲಿ

ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು ಎಂದು ಹಿರಿಯರು ಕೇಳಿದ್ದಾರೆ. ಪಾಪ, ಅವರಿಗೆ ನಮ್ಮ ಭಾವನ ಪರಿಚಯ ಇರಲಿಲ್ಲ. ಭಾವನ ಬೇಲಿ ಹೊಲದ ತಂಟೆಗೆ ಹೋಗುತ್ತಿರಲಿಲ್ಲ, ಸರ್ಕಾರದ ಬಯಲನ್ನೇ ಮೇಯುತ್ತಿತ್ತು. ಅದೂ ಮಹಾ ಮರ್ಯಾದೆಯಿಂದ.

ಭಾವ, ಅಂದರೆ ನನ್ನ ಅಕ್ಕನ ಗಂಡ, ಟೈಲರ್. ಮನೆಯ ಮುಂದಿನ ಕೋಣೆಯೇ ಅಂಗಡಿ: ಒಂದು ಮೆಷಿನ್ನು, ಬಟ್ಟೆ ಕತ್ತರಿಸುವ ಮೇಜು, ಗೋಡೆಗೆ ಒರಗಿದ ನಿಲುವುಗನ್ನಡಿ. ಹಿಂದೆ ಹಿತ್ತಲು. ಪಕ್ಕದ ಬೇಕರಿಯವನು ಗೋಡೆ ಎಬ್ಬಿಸಿದ ಮೇಲೆ ಅಲ್ಲಿಗೆ ಬಿಸಿಲು ಅವಸರದ ನೆಂಟರ ಹಾಗೆ ಬಂದು ಮುಖ ತೋರಿಸಿ ಹೋಗುತ್ತಿತ್ತು. ಹಿತ್ತಲಿನಾಚೆ ಕಣ್ಣು ಹಾಯುವಷ್ಟು ದೂರ ಹುಲ್ಲುಬಯಲು. ಇದು ಸಂರಕ್ಷಿತ ಪ್ರದೇಶ, ಯಾರೂ ಇದನ್ನು ಮನೆಯ ತೋಟಕ್ಕೆ ಸೇರಿಸಿಕೊಳ್ಳಕೂಡದು ಎಂದು ಅಲ್ಲೊಂದು ಬೋರ್ಡು. ಅಕ್ಷರಗಳು ಬಹಳ ದುಂಡಗಿವೆ ಎಂದು ಭಾವ ಮೆಚ್ಚಿಕೊಂಡರು.

ಆಗಲೇ ಅಕ್ಕನ ಮಂಡಿ ಸವೆಯತೊಡಗಿತ್ತು. ದಿನಾ ಸ್ವಲ್ಪ ಹೊತ್ತು ಬಿಸಿಲಿಗೆ ಕೂರಬೇಕು ಎಂದು ಡಾಕ್ಟರು ಹೇಳಿದ್ದರು. ಬಿಸಿಲಿದ್ದದ್ದು ಬಯಲಿನಲ್ಲಿ.

"ಸೊಂಟ ಬಿಗಿಯಾದ್ರೆ ಹೊಲಿಗೆ ಬಿಚ್ಚಿ ಸ್ವಲ್ಪ ಸಡಿಲ ಮಾಡಲ್ವಾ? ಇದೂ ಹಾಗೇ," ಎಂದರು ಭಾವ. ಸಡಿಲ ಮಾಡುವ ಬಟ್ಟೆ ಯಾರದು ಎಂದು ಕೇಳುವ ಅಧಿಕಪ್ರಸಂಗ ನಾನು ಮಾಡಲಿಲ್ಲ.

ಬೇರೆಯವರಾಗಿದ್ದರೆ ಕಂಬ ನೆಟ್ಟು ಸಿಕ್ಕಿಬೀಳುತ್ತಿದ್ದರು. ಭಾವ ಟೈಲರ್ ಅಲ್ಲವೆ, ಪಕ್ಕಾ ಹೊಲಿಗೆಗೆ ಮುಂಚೆ ಕಚ್ಚಾ ಹೊಲಿಗೆ ಹಾಕುವವರು. ತೆಳ್ಳನೆ ಗೂಟಗಳಿಗೆ ಬಲೆ ಹೊಲಿದು, ಬೇಕೆಂದಾಗ ಕಿತ್ತು ಬಟ್ಟೆಯ ಥಾನಿನ ಹಾಗೆ ಸುತ್ತಿಡುವಂಥ ಬೇಲಿ ಮಾಡಿದರು. ಅದರೊಳಗೆ ಅಕ್ಕನ ಕುರ್ಚಿ, ಸುತ್ತ ನಾಲ್ಕಾರು ಹೂಗಿಡ. ಗಿಡಗಳನ್ನೂ ಅವರೇ ಆರಿಸಿದ್ದರು. ಕಾಡುಗಿಡದ ಹಾಗೆ ಕಾಣದ ಯಾವುದಕ್ಕೂ ಒಳಗೆ ಪ್ರವೇಶವಿರಲಿಲ್ಲ.

ಬಯಲು ಕಾಯುವ ಅಧಿಕಾರಿಣಿ ಆಗಾಗ ಹೇಳದೆ ಕೇಳದೆ ಬರುತ್ತಿದ್ದರು. ಅವರ ಜೀಪು ಮೊದಲು ಬೇಕರಿಯವನ ಕಣ್ಣಿಗೆ ಬೀಳುತ್ತಿತ್ತು. ಅವನು ಬ್ರೆಡ್ಡಿನ ಟ್ರೇ ಬಡಿಯುವನು, ಭಾವ ಮೆಷಿನ್ನು ಬಿಟ್ಟು ಓಡುವರು. "ಏಳೇ, ಏಳೇ, ಬಂದ್ರು!" ಬೇಲಿ ಸುರುಳಿಯಾಗಿ ಮಂಚದ ಕೆಳಗೆ, ಕುರ್ಚಿ ಅಡಿಗೆಮನೆಗೆ, ಹುಲ್ಲಿನ ಮೇಲೆ ಒಣಗಿದೆಲೆ. ಅಕ್ಕ ಗೋಡೆ ಹಿಡಿದು ಕುಂಟುತ್ತಾ ಕೊನೆಗೆ ಒಳಗೆ ಸೇರುವಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳುವವರ ಜಾತಿಯಲ್ಲ ಭಾವ. ಹೆಗಲ ಮೇಲೆ ಅಳತೆಪಟ್ಟಿ ಇಳಿಬಿಟ್ಟುಕೊಂಡು ಹೊರಗೆ ಬಂದು, "ನಮಸ್ಕಾರ ಮೇಡಂ, ಹುಲ್ಲು ಈ ಸಲ ಚೆನ್ನಾಗಿ ಬಂದಿದೆ," ಎನ್ನುವರು.

ಹೀಗೆ ಹತ್ತು ವರ್ಷ ಸಾಗಿತು. ಈಚೆಗೆ ಟ್ರೇ ಸದ್ದಾದರೆ ಅಕ್ಕನಿಗೆ ಏಳಲಾಗುತ್ತಿರಲಿಲ್ಲ. ಒಂದು ಸಲ ಅರ್ಧ ಎದ್ದವಳು ಹುಲ್ಲಿನ ಮೇಲೇ ಬಿದ್ದಳು. "ಇನ್ನು ಬಿಸಿಲೂ ಬೇಡ, ಏನೂ ಬೇಡ," ಎಂದು ಅತ್ತಳು. ಭಾವ ಗಾಬರಿಯಾದರು. ಅವರು ಅವಳನ್ನು ತುಂಬ ಪ್ರೀತಿಸುತ್ತಿದ್ದರು, ಆ ಮಾತಿನಲ್ಲಿ ನನಗೆ ವ್ಯಂಗ್ಯವಿಲ್ಲ.

ಅದೇ ವಾರ ಬೇಕರಿಯವನು ಸುದ್ದಿ ತಂದ. ಹತ್ತು ವರ್ಷ ಎಲ್ಲರ ಕಣ್ಣೆದುರಿಗೆ ತೋಟ ಮಾಡಿಕೊಂಡು ಬಂದವರನ್ನು ಇನ್ನು ಎಬ್ಬಿಸುವಂತಿಲ್ಲವಂತೆ. ಭಾವ ಕುಣಿದಾಡಿದರು. ತಾವೇ ಅಧಿಕಾರಿಣಿಯನ್ನು ಕರೆಸಿ, ಬೇಲಿಯೊಳಗೆ ಎದೆಯುಬ್ಬಿಸಿ ನಿಂತು ತಪ್ಪೊಪ್ಪಿಕೊಂಡರು.

"ಹತ್ತು ವರ್ಷದಿಂದ ಇಲ್ಲಿ ತೋಟ ಮಾಡಿದೀನಿ ಮೇಡಂ!"

ಅಧಿಕಾರಿಣಿ ನಕ್ಕರು. "ತಮಾಷೆ ಮಾಡ್ಬೇಡಿ ಮಾಸ್ಟ್ರೇ, ಈ ಬೇಲಿ ಮೊನ್ನೆ ಹಾಕಿದ್ದು. ಇಡೀ ಬೀದೀಲಿ ಯಾರೂ ಕೈಯಿಡದ ಬಯಲು ಅಂದ್ರೆ ನಿಮ್ಮ ಮನೆ ಹಿಂದಿನದೇ. ನಾನೇ ಕಣ್ಣಾರೆ ನೋಡಿಲ್ವಾ?"

"ಅಯ್ಯೋ, ನಿಮಗೆ ಕಾಣದ ಹಾಗೆ ಮುಚ್ಚಿಡ್ತಿದ್ದೆ!"

"ಹಾಗಾದ್ರೆ ಎಲ್ಲರ ಕಣ್ಣೆದುರಿಗೆ ಮಾಡಿದ್ದು ಹೇಗಾಗುತ್ತೆ?"

ಭಾವ ಸಾಕ್ಷಿಗೆ ಬೇಕರಿಯವನನ್ನು ಎಳೆದು ತಂದರು. ಆ ಜೀಪು, ಆ ಮುಖ ನೋಡಿದ್ದೇ ತಡ, ಹತ್ತು ವರ್ಷದ ಅಭ್ಯಾಸ ಅವನ ಬಾಯಿಂದ ತಾನಾಗಿ ಹೊರಬಿತ್ತು: "ಬೇಲೀನಾ? ನಾನು ನೋಡೇ ಇಲ್ಲ ಮೇಡಂ." ಭಾವನೇ ಕಲಿಸಿದ್ದ ಪಾಠ, ಶಿಷ್ಯ ಒಂದಕ್ಷರ ತಪ್ಪಲಿಲ್ಲ. ಬೇಲಿಯನ್ನು ಇವತ್ತೇ ತೆಗೆದುಬಿಡಿ ಎಂದು ಹೇಳಿ ಅಧಿಕಾರಿಣಿ ಹೊರಟರು.

ಆಗ ಅಕ್ಕ ಬಾಗಿಲಲ್ಲಿ ನಿಂತು ಕೇಳಿದಳು. "ಬೇಲಿ ಹೋಗ್ಲಿ ಮೇಡಂ. ಮಧ್ಯಾಹ್ನ ಒಂದು ಕುರ್ಚಿ ತಂದು ಅಲ್ಲಿ ಕೂತ್ಕೊಂಡು, ಆಮೇಲೆ ವಾಪಸ್ ತಗೊಂಡು ಬಂದ್ರೆ ತಪ್ಪಾ?"

"ಅಮ್ಮ, ಬಯಲು ಉಳಿಸಿರೋದೇ ಜನ ಬಂದು ಕೂತ್ಕೊಳ್ಳಲಿ ಅಂತ. ಬೇಲಿ ಹಾಕಬಾರದು, ಗಿಡ ನೆಡಬಾರದು, ಅಷ್ಟೇ. ಕೂತ್ಕೊಳ್ಳೋದಕ್ಕೆ ಯಾವತ್ತೂ ಅಡ್ಡಿಯಿರಲಿಲ್ಲ."

ಜೀಪು ಹೋಯಿತು. ಅಕ್ಕ ಭಾವನ ಕಡೆ ತಿರುಗಿದಳು.

"ಹಾಗಾದ್ರೆ ನಾನು ಹತ್ತು ವರ್ಷ ಯಾಕೆ ಏಳ್ತಿದ್ದೆ?"

ಬೋರ್ಡಿನ ಅಕ್ಷರ ಮೆಚ್ಚಿದ ಭಾವ, ಬಂದು ಕೂರಲು ಅಡ್ಡಿಯಿಲ್ಲ ಎಂಬ ಅದರ ಕೊನೆಯ ಸಾಲು ಓದಿರಲಿಲ್ಲ.

ಮರುದಿನ ನಾನು ಹೋದಾಗ ಅಕ್ಕ ಬಯಲಿನಲ್ಲಿ ಕುರ್ಚಿ ಹಾಕಿಕೊಂಡು ಬಿಸಿಲಿಗೆ ಮಂಡಿ ಚಾಚಿದ್ದಳು. ಭಾವ ಪಕ್ಕದಲ್ಲಿ ಹುಲ್ಲಿನ ಮೇಲೆ ಕೂತು ಗುಂಡಿ ಹೊಲಿಯುತ್ತಿದ್ದರು. ಬೇಕರಿಯೊಳಗೆ ಯಾರದೋ ಕೈಜಾರಿ ಟ್ರೇ ಬಿತ್ತು. ಅಕ್ಕನ ಕೈ ಥಟ್ಟನೆ ಕುರ್ಚಿಯ ತೋಳು ಹಿಡಿಯಿತು. ಒಂದು ಕ್ಷಣ ಹಾಗೇ ಇದ್ದು ಮೆಲ್ಲಗೆ ಮಡಿಲಿಗೆ ಮರಳಿತು.

ಭಾವ ಮಾತ್ರ ಎದ್ದು ನಿಂತಿದ್ದರು.

"ಕೂತ್ಕೊಳ್ರೀ," ಎಂದಳು ಅಕ್ಕ.